ಪದ್ಮತ್ತಿಗೆಯ ಎರಡು ಸೀಟಿನ ಕಾರು

ಮದ್ದೂರಿನಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಅದನ್ನು "ಯೋಗಾನರಸಿಂಹ ಮೇಷ್ಟ್ರ ಕಾರು" ಎಂದೇ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೇಷ್ಟ್ರು ನನ್ನ ಒಡಹುಟ್ಟಿದ ಅಣ್ಣ. ಅವನು ಪಟ್ಟ ಪಾಡನ್ನು ಕಡಿಮೆ ಮಾಡಿ ಹೇಳುವಷ್ಟು ಕೆಟ್ಟವಳಲ್ಲ ನಾನು. ಆದರೆ ಆ ಕಾರು ನಮ್ಮ ಮನೆಗೆ ಬಂದದ್ದು ಅವನ ಹೆಂಡತಿ ಪದ್ಮತ್ತಿಗೆಯ ಆಸೆಯಿಂದ. ಅದು ಅವಳ ಕಾರು. ಇದನ್ನು ಒಂದು ಸಲ ಯಾರಾದರೂ ಸರಿಯಾಗಿ ಹೇಳಬೇಕು, ಹೇಳುವುದಕ್ಕೆ ನನ್ನಂಥ ಬಾಯಿ ಜೋರಿನವಳೇ ಆಗಬೇಕು.

ಅತ್ತಿಗೆ ಹುಟ್ಟಿ ಬೆಳೆದದ್ದು ಶಿವನಸಮುದ್ರದ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ. ಅವಳ ತಂದೆ ಅಲ್ಲಿ ಗುಮಾಸ್ತರು. ಮಳೆಗಾಲದಲ್ಲಿ ಮನೆಯೊಳಗೆ ಕೂತರೂ ಜಲಪಾತದ ಸದ್ದು ಕೇಳುತ್ತಿತ್ತಂತೆ, ಪಾತ್ರೆಗಳು ಗೂಡಿನಲ್ಲಿ ಸಣ್ಣಗೆ ನಡುಗುತ್ತಿದ್ದವಂತೆ. ಅವಳು ಲಂಗ ಉಡುತ್ತಿದ್ದ ವಯಸ್ಸಿನಲ್ಲಿ ಅಲ್ಲೊಬ್ಬ ಬಿಳಿ ದೊರೆ ಇಂಜಿನಿಯರ್ ಇದ್ದ. ಅವನ ಹತ್ತಿರ ಮೇಲೆ ಚಾವಣಿಯಿಲ್ಲದ, ಎರಡೇ ಸೀಟಿನ, ಕಡುಹಸಿರು ಬಣ್ಣದ ಪುಟ್ಟ ಕಾರಿತ್ತು. ಸೈಕಲ್ಲಿನ ಚಕ್ರದ ಹಾಗೆ ಕಡ್ಡಿ ಕಡ್ಡಿಯ ಚಕ್ರಗಳು, ಉದ್ದನೆಯ ಮೂತಿ. ಸಂಜೆ ಹೊತ್ತು ದೊರೆ, ದೊರೆಸಾನಿ ಇಬ್ಬರೇ ಅದರಲ್ಲಿ ಹೊರಡುತ್ತಿದ್ದರು. ದೊರೆಸಾನಿ ತಲೆಗೆ ಹೂವಿನ ವಸ್ತ್ರ ಕಟ್ಟಿಕೊಂಡು, ಗಂಡನ ಕಡೆ ತಿರುಗಿ ಏನೋ ಹೇಳಿ, ರಸ್ತೆಗೆಲ್ಲ ಕೇಳುವ ಹಾಗೆ ನಗುತ್ತಿದ್ದಳಂತೆ.

"ಗಂಡ ಹೆಂಡ್ತಿ ಅಕ್ಕಪಕ್ಕ ಕೂತು ಮಾತಾಡ್ಕೊಂಡು ನಗಬಹುದು ಅಂತ ನಂಗೆ ಗೊತ್ತಾಗಿದ್ದೇ ಆ ಕಾರು ನೋಡಿ, ವೇದಾ" ಎಂದು ಅತ್ತಿಗೆ ಒಂದು ಸಲ ನನಗೆ ಹೇಳಿದ್ದಳು. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು, ನಮ್ಮಿಬ್ಬರದೂ ಏಕವಚನದ ಸಲಿಗೆ.

ಅಕ್ಕಪಕ್ಕ ಕೂರುವುದು ಹಾಗಿರಲಿ, ನಮ್ಮ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡಲೂ ಜಾಗವಿರಲಿಲ್ಲ. ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ. ಕೋಣೆ ಅಣ್ಣ ಅತ್ತಿಗೆಯದು ಎಂದು ಹೆಸರಿಗೆ. ಅದರ ಬಾಗಿಲಿಗೆ ಅಡ್ಡಲಾಗಿ ನಮ್ಮ ಅಮ್ಮ ಗೋದಮ್ಮನವರ ಹಾಸಿಗೆ. ಅವಳಿಗೆ ಉಬ್ಬಸ, ಗಾಳಿಗೆ ಬಾಗಿಲು ತೆರೆದೇ ಇರಬೇಕು. ಅಮ್ಮನ ಆಚೆಗೆ ನಾನು. ಮದುವೆಯೇ ಬೇಡವೆಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡು ಮನೆಯಲ್ಲೇ ಉಳಿದಿದ್ದ ನಾನೂ ಆ ಜಾಗದ ಸ್ವಲ್ಪ ಭಾಗ ತಿಂದಿದ್ದೆ ಅನ್ನಿ. ಅಣ್ಣ ಅತ್ತಿಗೆಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅಮ್ಮ ಆಡಿದ ಮಾತೇ ಸಾಕು, ನಾನು ಬೇರೆ ಆಡುವುದು ಬೇಡ.

ಅಣ್ಣ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದವನು ಮನೆಗೆ ಬಂದರೆ ಬಾಯಿಗೆ ಬೀಗ. ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾವ್ಯಾರೂ ಕೇಳಿರಲಿಲ್ಲ. "ಇವಳೇ, ನೀರು." "ಇವಳೇ, ಪಂಚೆ." ಮದುವೆಯಾಗಿ ಐದಾರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಅತ್ತಿಗೆಯ ತಂದೆ ತಾಯಿ ಇಬ್ಬರೂ ಹೋದರು, ಕ್ವಾರ್ಟರ್ಸು ಬೇರೆಯವರದಾಯಿತು. ಹಬ್ಬಕ್ಕೆ ಕರೆಯಲು ಅವಳಿಗೊಂದು ತವರುಮನೆ ಅಂತ ಇಲ್ಲದೆ ಹೋಯಿತು. ಶಿವನಸಮುದ್ರ ನಮ್ಮೂರಿಂದ ಏನು ಮಹಾ ದೂರ? ಮಳವಳ್ಳಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು. ಆದರೂ ಸುಮ್ಮನೆ ಜಲಪಾತ ನೋಡುವುದಕ್ಕೆಂದು ಹೊರಡುವ ಸೊಸೆಯನ್ನು ನಮ್ಮಮ್ಮ ಕಂಡಿರಲಿಲ್ಲ, ಕಾಣುವ ಇಷ್ಟವೂ ಅವಳಿಗಿರಲಿಲ್ಲ.

ಅವಳು ಅಣ್ಣನಿಗೆ ಆ ಕಾರಿನ ವಿಷಯ ಯಾವಾಗ ಹೇಳಿದಳೋ ಕಾಣೆ. ಎಪ್ಪತ್ತನೇ ಇಸವಿಯ ಬೇಸಗೆ ರಜದಲ್ಲಿ ಅಣ್ಣ ಇದ್ದಕ್ಕಿದ್ದ ಹಾಗೆ ಮಳವಳ್ಳಿಗೆ ಹೋದ. ದೊರೆ ದೇಶ ಬಿಡುವಾಗ ಕಾರನ್ನು ಅಲ್ಲಿನ ಅಕ್ಕಿ ಗಿರಣಿಯ ಯಜಮಾನರಿಗೆ ಕೊಟ್ಟು ಹೋಗಿದ್ದನಂತೆ. ಯಜಮಾನರ ಮಗ ಬೆಟ್ಟಯ್ಯ ಗಿರಣಿಯ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಭತ್ತದ ಹೊಟ್ಟಿನ ಮೂಟೆಗಳನ್ನು ಸರಿಸಿ ತೋರಿಸಿದರು.

"ನಮ್ಮಪ್ಪ ಎಲ್ಡ್ ಸರ್ತಿ ಓಡುಸ್ದ ಸ್ವಾಮಿ. ಮೂರ್ನೇ ಸರ್ತಿ ಕೆರೆ ಏರಿ ಮ್ಯಾಲಿಂದ ಉಳ್ಳೋಯ್ತು. ಅವತ್ತಿಂದ ಇದ್ರ ಮಕ ಯಾರೂ ನೋಡಿಲ್ಲ. ತಕ್ಕೊಂಡೋಗಿ ಅತ್ಲಾಗೆ. ಕೋಳಿ ಮೊಟ್ಟೆ ಇಕ್ಕಕೆ ಬುಟ್ರೆ ಇನ್ಯಾತುಕ್ಕೂ ಬರಕಿಲ್ಲ ಇದು."

ಅವರೇ ಒಂದು ಜೋಡಿ ಎತ್ತು ಕೊಟ್ಟರು. ದೊರೆಯ ಕಾರು ಎತ್ತು ಕಟ್ಟಿಸಿಕೊಂಡು, ಟೈರಿಲ್ಲದ ಚಕ್ರಕ್ಕೆ ಹುಲ್ಲು ಹಗ್ಗ ಸುತ್ತಿಸಿಕೊಂಡು ಮದ್ದೂರಿಗೆ ಬಂತು. ಊರಿಗೆ ಊರೇ ನಗುವುದಕ್ಕೆ ನಿಂತಿತ್ತು. ಸೀಟಿನ ಜಾಗದಲ್ಲಿ ನಿಜವಾಗಿಯೂ ಎರಡು ಕೋಳಿಮೊಟ್ಟೆ ಇದ್ದವು. ಅದನ್ನು ಕಂಡು ಅಮ್ಮ ಕಿಟಾರನೆ ಕಿರುಚಿ, ಇಡೀ ಕಾರಿಗೆ ಗಂಜಲ ಚಿಮುಕಿಸಿ, ಆಮೇಲೇ ಗೇಟಿನೊಳಗೆ ಬಿಟ್ಟಳು. ಅತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಅವಳ ಮುಖ ನೋಡಿದರೆ, ಎಲ್ಲೋ ಕಳೆದುಹೋಗಿದ್ದ ತವರಿನ ಕಡೆಯವರು ಮನೆಗೆ ಬಂದ ಹಾಗಿತ್ತು ಅವಳಿಗೆ.

ಹಸು ಮಾರಿ ಖಾಲಿಯಾಗಿದ್ದ ಕೊಟ್ಟಿಗೆಯಲ್ಲಿ ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ ಅಣ್ಣ ಎರಡು ವರ್ಷ ಅದಕ್ಕೇ ಅಂಟಿಕೊಂಡ. ಶಾಲೆ ಬಿಟ್ಟರೆ ಕೊಟ್ಟಿಗೆ. ಹೊರಗಿನ ತಗಡು ತೆಗೆದರೆ ಒಳಗೆಲ್ಲ ಮರದ ಚೌಕಟ್ಟು, ಗೆದ್ದಲು ತಿಂದು ಪುಡಿ ಪುಡಿ. ಆತಗೂರಿನಿಂದ ಎತ್ತಿನ ಗಾಡಿ ಮಾಡುವ ಹುಚ್ಚೀರಯ್ಯನನ್ನು ಕರೆಸಿದ. ಅವನು ಸುತ್ತ ಒಂದು ಸುತ್ತು ಬಂದು, "ಇದ್ಯಾನ್ ಸ್ವಾಮಿ, ಮೋಟಾರು ಅಂತೀರಿ, ಒಳ್ಗೆಲ್ಲ ಮರಾನೇ ಅದೆ! ನಮ್ ಗಾಡಿಗೂ ಇದ್ಕೂ ಯಾನ್ ವತ್ಯಾಸ ಬುಡಿ" ಎಂದು ನಕ್ಕು, ಹೊನ್ನೆ ಮರದಲ್ಲಿ ಹೊಸ ಚೌಕಟ್ಟು ಮಾಡಿಕೊಟ್ಟ. ಬೆಂಗಳೂರಿನ ಗುಜರಿಯಲ್ಲಿ ಅಣ್ಣ ಹಳೆಯ ಟ್ಯಾಕ್ಸಿಗಳ ಹೊಟ್ಟೆ ಬಗೆದು ಹೊಂದುವ ಸಾಮಾನು ಹುಡುಕಿ ತರುತ್ತಿದ್ದ. ಕೆಲವು ಹೊಂದುತ್ತಿದ್ದವು, ಕೆಲವನ್ನು ಅರದಿಂದ ತಿಂಗಳುಗಟ್ಟಲೆ ಉಜ್ಜಿ ಹೊಂದಿಸುತ್ತಿದ್ದ.

ಅತ್ತಿಗೆಯೂ ಮೆಲ್ಲಗೆ ಕೊಟ್ಟಿಗೆಗೆ ಇಳಿದಳು. ಮೊದಲು ಕಾಫಿ ಲೋಟ ಹಿಡಿದು, ಆಮೇಲೆ ಸೆರಗು ಸಿಕ್ಕಿಸಿ. ಇಂಜಿನ್ನಿನ ವಾಲ್ವುಗಳಿಗೆ ಒಂದು ಪೇಸ್ಟು ಹಚ್ಚಿ, ಕೋಲಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ತಿರುಗಿಸಿ ತಿರುಗಿಸಿ ನುಣುಪು ಮಾಡಬೇಕಂತೆ. ಅಣ್ಣನಿಗೆ ಅರ್ಧ ಗಂಟೆಗೆ ಕೈ ಸೋತಿತು. ಅತ್ತಿಗೆ ಮಜ್ಜಿಗೆ ಕಡೆಯುವ ಹಾಗೆ ಕೂತು ಎಂಟನ್ನೂ ಮುಗಿಸಿದಳು. ಎರಡು ಸೀಟಿಗೂ ತೆಂಗಿನ ನಾರು, ಬೂರುಗದ ಹತ್ತಿ ತುಂಬಿ ಕಂದು ರೆಕ್ಸಿನ್ನು ಹೊಲಿದವಳೂ ಅವಳೇ. ಎಡಗಡೆಯ ಸೀಟನ್ನು ಎರಡು ಸಲ ಬಿಚ್ಚಿ ಹೊಲಿದಳು. "ಅದ್ಯಾಕೆ ಅಷ್ಟು ಮುದ್ದು ಅದಕ್ಕೆ?" ಎಂದು ನಾನು ಛೇಡಿಸಿದರೆ ಮುಖ ಕೆಂಪಾಯಿತು. ಎಡಗಡೆಯದು ದೊರೆಸಾನಿಯ ಸೀಟು.

ಕೈ ಹಚ್ಚದವರೆಂದರೆ ನಾನು ಮಾತ್ರ. ಅಮ್ಮ ಕೂಡ ತನ್ನ ಪಾಲು ಮಾಡಿದಳು. ಕಾರಿನ ಮೂತಿಗೆ ಬೆಳ್ಳಿಯ ಹಾಗೆ ಹೊಳೆಯುವ ಕ್ರೋಮಿಯಂ ಮುಲಾಮು ಇತ್ತಲ್ಲ, ಅದನ್ನು ಪ್ರತಿ ಶುಕ್ರವಾರ ದೇವರ ಪಾತ್ರೆಗಳ ಜೊತೆಯಲ್ಲೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ, ಮುಲಾಮೆಲ್ಲ ಕಿತ್ತು ಒಳಗಿನ ಹಿತ್ತಾಳೆ ಹೊಳೆಯುವ ಹಾಗೆ ಮಾಡಿಬಿಟ್ಟಳು. "ನೋಡೋ ಯೋಗಿ, ನಿನ್ನ ದೊರೆ ಚಿನ್ನಾನ ಒಳಗೆ ಬಚ್ಚಿಟ್ಟಿದ್ದ" ಎಂದಳು. ಅಣ್ಣ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಎಪ್ಪತ್ತೆರಡರ ಯುಗಾದಿಯ ಹೊತ್ತಿಗೆ ಕಾರು ಗುಡುಗಿತು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಣ್ಣನ ಅಂಗೈ ಕಿತ್ತುಹೋದ ಮೇಲೆ, ಹೊಗೆ ಕಾರಿ, ಕೆಮ್ಮಿ, ನಿಂತು, ಮತ್ತೆ ಹೊತ್ತಿಕೊಂಡಿತು. ಅಣ್ಣ ಸ್ಟಿಯರಿಂಗಿನ ಹಿಂದೆ ಕೂತು, ಸುತ್ತ ನೋಡಿ, ಪಕ್ಕದ ಸೀಟಿನ ಮೇಲೆ ಎರಡು ಸಲ ಕೈ ತಟ್ಟಿದ. ಅತ್ತಿಗೆ ಕೂತಳು. ಕಾರು ಕೊಟ್ಟಿಗೆಯಿಂದ ಹೊರಬಂದು ಅಂಗಳ ದಾಟಿ ಗೇಟಿನ ತನಕ ಬಂತು. ಅಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಮೊದಲು ವೈದ್ಯನಾಥಪುರಕ್ಕೆ ಹೋಗಿ ಸ್ವಾಮಿಗೆ ಹಣ್ಣುಕಾಯಿ. ಇಳಿಯಮ್ಮ, ನಾನು ಕೂರ್ತೀನಿ. ನೀನು ಆರತಿ ಎತ್ತು."

ಅತ್ತಿಗೆ ಇಳಿದಳು. ತಟ್ಟೆ ತಗೊಂಡಳು. ಆರತಿ ಎತ್ತಿದಳು. ಅಣ್ಣ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಆ ಗಂಡಸಿನ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು. ಕೊಟ್ಟಿಗೆಯಿಂದ ಗೇಟಿನ ತನಕ, ಅಷ್ಟೇ ಅವಳ ಪಾಲಿನ ಸವಾರಿ.

ಅಲ್ಲಿಂದ ಆ ಸೀಟು ಖಾಲಿ ಎಂಬುದೇ ಇಲ್ಲ. ಸೋಮವಾರ ಅಮ್ಮನಿಗೆ ವೈದ್ಯನಾಥಪುರ. ರೈಲ್ವೆ ಸ್ಟೇಷನ್ನಿಗೆ ನೆಂಟರನ್ನು ಬಿಡುವುದು. ಆಮೇಲೆ ಊರವರ ಕಣ್ಣು ಬಿತ್ತು. ಚಾವಣಿ ಇಲ್ಲದ ಕಾರು, ಮದುವೆ ಮೆರವಣಿಗೆಗೆ ಇದಕ್ಕಿಂತ ಬೇಕೇ? "ಮೇಷ್ಟ್ರೇ, ನಮ್ ಹೈದನ್ ಮದ್ವೆ, ಒಂದೇ ಒಂದ್ ಗಳಿಗೆ" ಎಂದು ಬರುವವರು. ಇಲ್ಲವೆನ್ನಲು ಅಣ್ಣನಿಗೆ ನಾಲಿಗೆ ಏಳದು. ಗಂಡು ಹೆಣ್ಣು ಹಿಂದೆ ಮಡಚಿಟ್ಟ, ಮಳೆಗೆಂದು ಇದ್ದ ಕ್ಯಾನ್ವಾಸು ಹೊದಿಕೆಯ ಮೇಲೆ ಒತ್ತಿಕೊಂಡು ಕೂರುವುದು, ಮುಂದಿನ ಸೀಟಿನಲ್ಲಿ ಸೋದರಮಾವನೋ ಯಾರೋ ಮೀಸೆ ತಿರುವಿಕೊಂಡು. ಬೆಳಗ್ಗೆ ಎದ್ದು ಕಾರು ಒರೆಸಿ, ಸೇವಂತಿಗೆ ಸರ ಕಟ್ಟಿ ಕಳಿಸುವವಳು ಅತ್ತಿಗೆ. ಊರಿನ ಹೊಸ ಜೋಡಿಗಳೆಲ್ಲ ಅವಳು ಹೊಲಿದ ರೆಕ್ಸಿನ್ನಿನ ಹಿಂದೆ ಕೂತು ನಾಚಿದವು. ಅವಳು ಗೇಟಿನಲ್ಲಿ ನಿಂತು ನೋಡಿದಳು.

"ಒಂದು ದಿನ ನೀವಿಬ್ರೇ ಶಿವನಸಮುದ್ರಕ್ಕೆ ಹೋಗಿಬರಬಾರದೇನೋ?" ಎಂದು ನಾನೇ ಅಣ್ಣನನ್ನು ಕೇಳಿದೆ.

"ಹೋಗ್ಬೇಕು ವೇದಾ. ಅವಳನ್ನ ಕರ್ಕೊಂಡು ಹೋಗ್ಬೇಕು ಅಂತ್ಲೇ ಇದನ್ನೆಲ್ಲ ಮಾಡಿದ್ದು" ಎಂದ. ಅಮ್ಮನಿಗೆ ಹೇಳು ಎಂದರೆ ನೆಲ ನೋಡಿದ.

ಎಪ್ಪತ್ತನಾಲ್ಕರ ಆಯುಧಪೂಜೆಯ ದಿನ ಅಮ್ಮ ಮಾಡಿದ ಕೆಲಸ ನಮ್ಮ ಮನೆಯಲ್ಲಲ್ಲದೆ ಭೂಲೋಕದಲ್ಲಿ ಇನ್ನೆಲ್ಲೂ ನಡೆಯದು. ಕಾಲಡಿಯ ಹಲಗೆ ಎತ್ತಿ ಬ್ರೇಕಿನ ಎಣ್ಣೆಯ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಲು ಹೋದವಳು ಎಣ್ಣೆ ಕೆಳಗಿಳಿದಿದೆ ಎಂದು ನೋಡಿದಳು. ಹಬ್ಬದ ದಿನ ದೀಪದ ಎಣ್ಣೆ ಕಡಿಮೆಯಾಗಬಾರದು ಎಂಬ ಲೆಕ್ಕದಲ್ಲಿ, ದೇವರ ನಂದಾದೀಪಕ್ಕೆ ಹಾಕುವ ಎಳ್ಳೆಣ್ಣೆಯನ್ನು ಅಲ್ಲಿಗೆ ತುಂಬಿಸಿದಳು. ಯಾರಿಗೂ ಹೇಳಲಿಲ್ಲ, ದೇವರ ಕೆಲಸ ಹೇಳಿಕೊಂಡು ಮಾಡುವುದುಂಟೆ? ಒಳಗಿನ ರಬ್ಬರುಗಳೆಲ್ಲ ಕೆಲವು ದಿನಕ್ಕೆ ಕಜ್ಜಾಯದ ಹಾಗೆ ಉಬ್ಬಿಕೊಂಡವು. ದೀಪಾವಳಿ ಕಳೆದು ಒಂದು ಮದುವೆಯ ದಿನ ಹನಕೆರೆಯ ಇಳಿಜಾರಿನಲ್ಲಿ ಅಣ್ಣ ಬ್ರೇಕ್ ಒತ್ತಿದರೆ ಪೆಡಲು ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಬಾಸಿಂಗ ಕಟ್ಟಿದ ಮದುಮಗನ ಸಮೇತ ಕಬ್ಬಿನ ಗದ್ದೆಗೆ ನುಗ್ಗಿ ನಿಂತಿತು. ಕಬ್ಬು ಬೆಳೆದು ನಿಂತಿದ್ದಕ್ಕೆ ಜೀವ ಉಳಿಯಿತು. ಯಾರಿಗೂ ಏನೂ ಆಗಲಿಲ್ಲ, ಮದುಮಗನ ಪೇಟ ಮಾತ್ರ ಸಿಗಲಿಲ್ಲ.

ಎಣ್ಣೆಯ ವಿಷಯ ತಿಳಿದ ಮೇಲೆ ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟಳು: "ಬ್ರೇಕು ಸಂಪೂರ್ಣ ಸರಿಹೋಗೋ ತನಕ ಕಾರು ಗೇಟು ದಾಟಕೂಡದು. ನನ್ನ ಮೇಲಾಣೆ."

ಅಣ್ಣ ರಬ್ಬರು, ಎಣ್ಣೆ ಎಲ್ಲ ಹೊಸದು ಹಾಕಿದ. ಆದರೆ ಕೊಳವೆಯೊಳಗೆ ಗಾಳಿ ಸೇರಿಬಿಟ್ಟರೆ ಬ್ರೇಕು ಹಿಡಿಯದು, ಆ ಗಾಳಿಯನ್ನು ಹೊರಗೆ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ತಿರುಪು ಸಡಿಲಿಸಿ, ಎಣ್ಣೆಯ ಜೊತೆ ಬರುವ ಗಾಳಿಯ ಗುಳ್ಳೆಯನ್ನು ಒಂದು ಗಾಜಿನ ಶೀಷೆಗೆ ಇಳಿಸಬೇಕು. ಪೆಡಲು ಕಾಲಿಗೆ ಮೆತ್ತಗಿದ್ದರೆ ಗಾಳಿ ಇನ್ನೂ ಇದೆ ಎಂದು ಅರ್ಥ, ಗಟ್ಟಿಯಾದರೆ ಕೆಲಸ ಮುಗಿಯಿತು ಎಂದು. ಹೀಗೆ ಭಾನುವಾರ ಊಟವಾಗಿ ಅಮ್ಮ ಜಗುಲಿಯಲ್ಲಿ ಅಡ್ಡಾದ ಮೇಲೆ ಅಣ್ಣ ಅತ್ತಿಗೆ ಇಬ್ಬರೂ ಕೊಟ್ಟಿಗೆಗೆ ಹೋಗತೊಡಗಿದರು. ಮಗ ಸೊಸೆ ಹಾಡಹಗಲಲ್ಲಿ ಜೊತೆಯಾಗಿ ಒಂದು ಕಡೆ ಹೋದರೆ ಅಮ್ಮ ಬೇರೆ ಹೊತ್ತಿನಲ್ಲಾದರೆ ಗಂಟಲು ಕೆರೆಯುತ್ತಿದ್ದಳು. ಇದು ಬ್ರೇಕಿನ ಕೆಲಸ, ಅವಳೇ ಆಜ್ಞೆ ಮಾಡಿದ್ದು, ಕೆರೆಯುವ ಹಾಗಿರಲಿಲ್ಲ.

ನನ್ನ ಬಟ್ಟೆ ಒಗೆಯುವ ಕಲ್ಲು ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡೇ ಇತ್ತು. ಕದ್ದು ಕೇಳಿದೆ ಅನ್ನಬೇಡಿ, ಕಿವಿ ಮುಚ್ಚಿಕೊಂಡು ಬಟ್ಟೆ ಒಗೆಯಲಾಗುತ್ತದೆಯೆ? ಮೊದಲ ಭಾನುವಾರವೇ ನನ್ನ ಕೈಲಿದ್ದ ಸೋಪು ಜಾರಿತು.

"ಪದ್ಮಾ, ಒತ್ತು."

ಪದ್ಮಾ! ನಮ್ಮಣ್ಣನ ಬಾಯಲ್ಲಿ!

"ಒತ್ತಿದೆ ರೀ."

"ಹಿಡ್ಕೋ... ಹಿಡ್ಕೋ... ಹಾಂ, ಬಿಡು. ಹೇಗಿದೆ?"

"ಇನ್ನೂ ಮೆತ್ತಗಿದೆ."

ಆಮೇಲೆ ಮಾತು. ಏನು ಮಾತು ಅಂತೀರಿ! ಮನೆಯಲ್ಲಿ ಹತ್ತು ವರ್ಷ ಆಡದೆ ಇಟ್ಟದ್ದೆಲ್ಲ. ಶಾಲೆಯ ಹೆಡ್ಮಾಸ್ಟರ ದನಿ ಅನುಕರಿಸಿ ಅವನು ಹೇಳುವುದು, ಕ್ವಾರ್ಟರ್ಸಿನ ಕಾಲದ ಕಥೆ ಅವಳು ಹೇಳುವುದು. ಶಿವನಸಮುದ್ರಕ್ಕೆ ಹೊರಡುವ ದಿನ ಎಷ್ಟು ಹೊತ್ತಿಗೆ ಏಳಬೇಕು, ಬುತ್ತಿಗೆ ಪುಳಿಯೋಗರೆಯೋ ಚಿತ್ರಾನ್ನವೋ, ಮಳವಳ್ಳಿಯಲ್ಲಿ ಕಾಫಿಗೆ ನಿಲ್ಲಬೇಕೋ ಬೇಡವೋ, ಅವಳ ಅಪ್ಪನ ಹಳೆಯ ಮನೆಯ ಮುಂದೆ ಕಾರು ನಿಧಾನ ಮಾಡಬೇಕೋ ನಿಲ್ಲಿಸಿಯೇ ಬಿಡಬೇಕೋ. ಆಮೇಲೆ ಅತ್ತಿಗೆ ನಕ್ಕಳು. ಅವಳಿಗೆ ಅಂಥ ನಗು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಗೆಯುವ ಕಲ್ಲಿನ ಮುಂದೆ ನಿಂತು ನಾನು ಸುಮ್ಮಸುಮ್ಮನೆ ಅತ್ತೆ.

ಮೆತ್ತಗಿದೆ, ಇನ್ನೂ ಮೆತ್ತಗಿದೆ. ತಿಂಗಳು ಕಳೆಯಿತು, ವರ್ಷ ಕಳೆಯಿತು. ಮದುವೆ ಮನೆಯವರು ಬಂದು ವಿಚಾರಿಸಿ ವಾಪಸು ಹೋದರು. ಸಂಜೆ ಅಮ್ಮ ಕೇಳುತ್ತಿದ್ದಳು, "ಸರಿಹೋಯ್ತೇನೋ?" "ಇನ್ನೂ ಇಲ್ಲಮ್ಮ." "ನನ್ನ ಕರ್ಮ" ಎಂದು ಅಮ್ಮ ನಿಟ್ಟುಸಿರು ಬಿಡುತ್ತಿದ್ದಳು. ಇಂಜಿನ್ನು ಕೆಡಬಾರದೆಂದು ಅಣ್ಣ ವಾರಕ್ಕೊಮ್ಮೆ ಅದನ್ನು ನಿಂತಲ್ಲೇ ಗುಡುಗಿಸುತ್ತಿದ್ದ. ಎಣ್ಣೆ ಬದಲಾಯಿಸುವುದು, ಚಕ್ರದ ಕಡ್ಡಿಗಳಿಗೆ ತುಕ್ಕು ಹಿಡಿಯದಂತೆ ಒರೆಸುವುದು ಎಲ್ಲ ನಡೆದೇ ಇತ್ತು. ಎಲ್ಲಿಗೂ ಹೋಗದ ಕಾರು ಅಷ್ಟು ಚೆನ್ನಾಗಿ ಇನ್ನೆಲ್ಲಿಯೂ ಇರಲಿಕ್ಕಿಲ್ಲ.

ಎಪ್ಪತ್ತೆಂಟರ ದಸರೆ ಕಳೆದ ಮೇಲೆ ಒಂದು ಭಾನುವಾರ ಅಮ್ಮನಿಗೆ ಉಬ್ಬಸ ಹೆಚ್ಚಾಗಿ ಬಿಸಿನೀರು ಬೇಕಾಯಿತು, ಅತ್ತಿಗೆ ಒಳಗೆ ಹೋದಳು. ಗೋಣಿಚೀಲದ ಮೇಲೆ ಕಾರಿನ ಕೆಳಗೆ ಮಲಗಿದ್ದ ಅಣ್ಣ ನನ್ನ ಕಾಲು ಕಂಡು, "ವೇದಾ, ನೀನೇ ಕೂತು ಸ್ವಲ್ಪ ಒತ್ತು" ಎಂದ.

ಒತ್ತಿದೆ. ಒರಳುಕಲ್ಲು ತುಳಿದ ಹಾಗಾಯಿತು. ಪೆಡಲು ಒಂದು ಬೆರಳಿನಷ್ಟು ಇಳಿದು ನಿಂತೇಬಿಟ್ಟಿತು.

"ಏನೋ ಇದು? ಕಲ್ಲಿದ್ದ ಹಾಗಿದೆಯಲ್ಲೋ!"

"ಮೆಲ್ಲಗೆ ಮಾತಾಡೇ."

ಇಳಿದು ಬಗ್ಗಿ ನೋಡಿದೆ. ಅವನ ಕೈಯಲ್ಲಿ ಗಾಜಿನ ಶೀಷೆ ಇತ್ತು. ತಿಳಿಯಾದ ಎಣ್ಣೆ, ಒಂದು ಗುಳ್ಳೆಯೂ ಇಲ್ಲ.

"ಗಾಳಿಯೇ ಇಲ್ವಲ್ಲೋ ಇದರಲ್ಲಿ."

"ಇಲ್ಲ."

"ಯಾವಾಗಿಂದ?"

"ಹೊಸ ರಬ್ಬರು ಹಾಕಿದ ಒಂದು ತಿಂಗಳಿಗೆಲ್ಲ ಹೋಯ್ತು."

"ಮತ್ತೆ ಅತ್ತಿಗೆ ನಾಲ್ಕು ವರ್ಷದಿಂದ ವಾರ ವಾರ ಮೆತ್ತಗಿದೆ ಅಂತಾಳಲ್ಲೋ?"

ಅಣ್ಣನ ಕೆನ್ನೆಗೆಲ್ಲ ಗ್ರೀಸು. ಅದರ ನಡುವೆ ಸಣ್ಣಗೆ ನಕ್ಕ. "ಅಂತಾಳೆ" ಎಂದ.

"ನಿನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತೇ?"

"ಗೊತ್ತಾದ್ರೆ ನಾಚ್ಕೊಂಡು ಈ ಕಡೆ ಬರೋದೇ ಬಿಟ್ಬಿಡ್ತಾಳೆ. ನೀನು ಬಾಯಿ ಬಿಟ್ಟೀಯೆ, ಹುಷಾರು."

ನನಗೆ ಬಂದ ಕೋಪ ಇಷ್ಟಲ್ಲ. ಇಬ್ಬರು ಬುದ್ಧಿಯಿರುವ ಮನುಷ್ಯರು! ಒಬ್ಬಳು ಸುಳ್ಳು ಹೇಳುವುದು, ಇನ್ನೊಬ್ಬ ಅದು ಸುಳ್ಳೆಂದು ಗೊತ್ತಿದ್ದೂ ನಾಲ್ಕು ವರ್ಷ ಗೋಣಿಚೀಲದ ಮೇಲೆ ಹೊರಳಾಡುವುದು! ಹೊರಗೆ ರಸ್ತೆ ಬಿದ್ದಿದೆ, ಕಾರು ಸಿದ್ಧವಾಗಿದೆ, ಜಲಪಾತ ಅಲ್ಲೇ ಇದೆ. ಗಂಡಹೆಂಡತಿ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಇದೆಲ್ಲ ಎಂದೋ ಮುಗಿಯುತ್ತಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಸಂಜೆ ಅತ್ತಿಗೆಯನ್ನು ಒರಳಿನ ಮುಂದೆ ಹಿಡಿದೆ. "ಪೆಡಲು ಗಟ್ಟಿಯಾಗಿದೆ ಅತ್ತಿಗೆ. ನಾನು ಒತ್ತಿ ನೋಡಿದೆ."

ರುಬ್ಬುತ್ತಿದ್ದ ಕೈ ನಿಂತಿತು. "ಅವರಿಗೆ ಹೇಳಿದೆಯಾ?"

ಅಣ್ಣ ಕೊಟ್ಟ ಎಚ್ಚರಿಕೆ ನೆನಪಾಗಿ "ಇಲ್ಲ" ಎಂದೆ.

ಅವಳು ಒರಳಿನ ಅಂಚಿನ ಹಿಟ್ಟನ್ನು ಬೆರಳಲ್ಲಿ ಬಳಿದು ಹಾಕಿದಳು. ಆಮೇಲೆ ಹೇಳಿದಳು: "ಸರಿಹೋಯ್ತು ಅಂದ ದಿನವೇ ಅತ್ತೆ ವೈದ್ಯನಾಥಪುರಕ್ಕೆ ಹೊರಡ್ತಾರೆ. ಮಾರನೇ ದಿನ ಮದುವೆಯವರು ಬರ್ತಾರೆ. ನಾನು ಮತ್ತೆ ಆರತಿ ತಟ್ಟೆ ಹಿಡ್ಕೊಂಡು ಗೇಟಿನ ಹತ್ರ. ಜಲಪಾತ ಒಂದು ದಿನದ್ದು ವೇದಾ. ಭಾನುವಾರ ಎಲ್ಲಾ ವಾರದ್ದು."

"ಹಾಗಾದ್ರೆ ಹೋಗೋ ಆಸೆ ಇಲ್ವೇ ನಿನಗೆ?"

"ಇಲ್ದೇ ಏನು? ಸಾಯೋವಷ್ಟಿದೆ."

ನಾನೇ ಉಪಾಯ ಹೂಡಿದೆ. ಇನ್ನು ಹದಿನೈದು ದಿನಕ್ಕೆ ಆತಗೂರಿನಲ್ಲಿ ನೆಂಟರ ಮನೆಯ ಮುಂಜಿ. ಅಮ್ಮನನ್ನು ಕರೆದುಕೊಂಡು ನಾನು ಶನಿವಾರವೇ ಹೊರಡುತ್ತೇನೆ, ಸೋಮವಾರ ಬರುತ್ತೇನೆ. "ಬರೋ ಭಾನುವಾರ ಅಣ್ಣನಿಗೆ ಮಾತ್ರ ಗಟ್ಟಿಯಾಯ್ತು ಅನ್ನು, ಅಮ್ಮನ ಕಿವಿಗೆ ಬೇಡ. ಅದರ ಮುಂದಿನ ಭಾನುವಾರ ನೀವಿಬ್ರೇ ಹೊರಡಿ. ಹೋಗಿಬಂದು ಸೋಮವಾರ ಮತ್ತೆ ಮೆತ್ತಗಾಯ್ತು ಅಂದುಬಿಡು, ಯಾರು ಬೇಡ ಅಂತಾರೆ?" ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ನೀಲಿ ಸೀರೆ ಇಸ್ತ್ರಿಯಾಯಿತು. ಹೂವಿನ ಬಟ್ಟೆಯ ತುಂಡೊಂದಕ್ಕೆ ಅಂಚು ಹೊಲಿದು ಟ್ರಂಕಿನಲ್ಲಿಟ್ಟಳು, ತಲೆಗೆ ಕಟ್ಟಿಕೊಳ್ಳಲು.

ಭಾನುವಾರ ನಾನು ಕಲ್ಲಿನ ಮುಂದೆ ಒಂದೇ ಸೀರೆಯನ್ನು ಮೂರು ಸಲ ಒಗೆದೆ.

"ಪದ್ಮಾ, ಒತ್ತು. ಹಿಡ್ಕೋ. ಬಿಡು. ಹೇಗಿದೆ?"

 ನಾನು ಸೀರೆ ಕೆಳಗಿಡದೆ ಗೋಡೆಗೆ ಕಿವಿ ಹಚ್ಚಿದೆ.

"ಇನ್ನೂ ಒಂಚೂರು ಮೆತ್ತಗಿದೆ ರೀ."

ಒದ್ದೆ ಸೀರೆಯನ್ನು ಕಲ್ಲಿಗೆ ಅಪ್ಪಳಿಸಿದ ರಭಸಕ್ಕೆ ಅಂಚು ಕಿತ್ತುಬಂತು. ಆಮೇಲೆ ಅವಳನ್ನು ಹಿಡಿದು ಕೇಳಿದರೆ, "ಇವತ್ತೊಂದು ಭಾನುವಾರ ಇರಲಿ ಅನ್ನಿಸಿಬಿಡ್ತು ವೇದಾ. ಮುಂದಿನ ವಾರ ಹೇಳಿ, ಹೇಳಿದ ಕೈಯಲ್ಲೇ ಹೊರಟುಬಿಡ್ತೀವಿ" ಎಂದಳು. ಮೈಮೇಲೆ ದೇವರು ಬಂದವರ ಹಾಗೆ ಮುಖ ಹೊಳೆಯುತ್ತಿತ್ತು, ಬೈಯಲು ನನಗೆ ಮನಸ್ಸಾಗಲಿಲ್ಲ.

ಬುಧವಾರ ಅಣ್ಣ ತರಗತಿಯಲ್ಲಿ ಬೋರ್ಡಿನ ಮೇಲೆ ನೀರೆತ್ತುವ ಪಂಪಿನ ಚಿತ್ರ ಬರೆಯುತ್ತಿದ್ದವನು, ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕೂತ. ನೀರು ಕೇಳಿದನಂತೆ. ನಮ್ಮ ಶಾಲೆಗೆ ಸುದ್ದಿ ಮುಟ್ಟಿ ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತೈದು ತುಂಬಿರಲಿಲ್ಲ.

ಆಮೇಲಿನದನ್ನು ಹೇಳಲಾರೆ. ಅತ್ತಿಗೆ ಅಳಲಿಲ್ಲ, ಅದೇ ಹೆದರಿಕೆ. ಗಂಡ ಹೋದವಳು ವರ್ಷ ತುಂಬುವ ತನಕ ಗೇಟು ದಾಟಬಾರದು ಎಂದು ನಮ್ಮಲ್ಲಿ ಕಟ್ಟಳೆ. ಅವಳು ಅಡುಗೆಮನೆ ಬಿಟ್ಟೇ ಏಳುತ್ತಿರಲಿಲ್ಲ. ಯಾರ ಹತ್ತಿರವೂ ಮಾತಿಲ್ಲ. ಅವಳನ್ನು ಹೆಸರು ಹಿಡಿದು ಕರೆಯುವವರು ಲೋಕದಲ್ಲಿ ಒಬ್ಬರೂ ಉಳಿದಿರಲಿಲ್ಲ. ಅಮ್ಮನಿಗೆ ಸೊಸೆ, ನನಗೆ ಅತ್ತಿಗೆ, ಊರಿಗೆ ಮೇಷ್ಟ್ರ ಹೆಂಡತಿ.

ಸಂಕ್ರಾಂತಿ ಕಳೆದ ಮೇಲೆ ಮಳವಳ್ಳಿಯ ಬೆಟ್ಟಯ್ಯ ಮಾತಾಡಿಸಲು ಬಂದರು. ಅತ್ತು, ಕಣ್ಣೊರೆಸಿಕೊಂಡು, ಹೊರಡುವ ಮುಂಚೆ ಕೊಟ್ಟಿಗೆಯ ಕಡೆ ನೋಡಿದರು.

"ಅವ್ವಾ, ತಪ್ ತಿಳ್ಕಬ್ಯಾಡಿ. ಮೇಷ್ಟ್ರೇ ಓದ್ಮ್ಯಾಲೆ ಇದ್ನ ಯಾರ್ ನೋಡ್ಕತಾರೆ? ತುಕ್ ಇಡ್ದೋಯ್ತದೆ. ನಮ್ ಗಿರಣಿತವ ಮಡಿಕಂಡು ದ್ಯಾವ್ರಂಗ್ ನೋಡ್ಕತೀನಿ. ನಮ್ಮಪ್ಪನ್ ಗಾಡಿ, ನಮ್ ಮೊಮ್ಮಗನ್ ಮದ್ವೆಗೂ ಆಯ್ತದೆ."

ಅವರ ಮಾತಿನಲ್ಲಿ ತಪ್ಪೇನಿಲ್ಲ. ಅಂದು ಅವರು ಪುಕ್ಕಟೆ ಕೊಟ್ಟದ್ದಕ್ಕೇ ನಮ್ಮಲ್ಲಿದ್ದದ್ದು. ಬಾಗಿಲ ಮರೆಯಲ್ಲಿ ಅತ್ತಿಗೆ ನಿಂತದ್ದನ್ನು ನಾನು ನೋಡಿದೆ. ಕಂಬ ಹಿಡಿದುಕೊಂಡಿದ್ದಳು.

ಅಮ್ಮ ಹೇಳಿದಳು: "ಬ್ರೇಕು ಸರಿಯಿಲ್ಲ ಬೆಟ್ಟಯ್ಯ. ನನ್ನ ಕೈಯಾರೆ ಆದ ಅನರ್ಥ ಅದು. ಇನ್ನೊಬ್ಬರ ಜೀವಕ್ಕೆ ಬಂದೀತು, ನಾನು ಒಪ್ಪಲ್ಲ. ಸರಿಹೋದ ದಿನ ಹೇಳಿ ಕಳಿಸ್ತೀನಿ, ಬಂದು ತಗೊಂಡು ಹೋಗು."

ಆ ಭಾನುವಾರ ಊಟವಾದ ಮೇಲೆ ಅತ್ತಿಗೆ ಅಡುಗೆಮನೆಯಲ್ಲಿ ಕಾಣಲಿಲ್ಲ. ಹಿತ್ತಿಲಿಗೆ ಬಂದೆ. ಕೊಟ್ಟಿಗೆಯಲ್ಲಿ ಕಾರಿನ ಸ್ಟಿಯರಿಂಗಿನ ಹಿಂದೆ ಕೂತಿದ್ದಳು. ಕೈ ಮಡಿಲಲ್ಲಿ. ಬೋಳು ಹಣೆ. ಕೆಳಗೆ ಗೋಣಿಚೀಲ ಅಣ್ಣ ಹಾಸಿದ ಹಾಗೆಯೇ ಇತ್ತು, ಗಾಜಿನ ಶೀಷೆ ಅದರ ಪಕ್ಕದಲ್ಲಿ.

"ಹೇಳಬೇಕಿತ್ತು ವೇದಾ" ಎಂದಳು. "ಒಂದು ಮಾತು. ಗಟ್ಟಿಯಾಗಿದೆ ಅಂದಿದ್ರೆ ಅವತ್ತೇ ಹೊರಟುಬಿಡ್ತಿದ್ರು. ನಾಲ್ಕು ವರ್ಷ ಅವರನ್ನ ಈ ನೆಲದ ಮೇಲೆ ಮಲಗಿಸಿ ಮೋಸ ಮಾಡ್ದೆ. ನನ್ನ ಸುಳ್ಳಿಗೆ ನಾನೇ ಕಳ್ಕೊಂಡೆ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಯಾವತ್ತೂ ಬಂದಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ನೆಲಕ್ಕೆ ಕೂತು, ಹಾಗೇ ಹಿಂದಕ್ಕೆ ಜಾರಿ ಕಾರಿನ ಕೆಳಗೆ ನುಸುಳಿದೆ. ಗೋಣಿಚೀಲದಲ್ಲಿ ಅಣ್ಣನ ಬೆವರು, ಗ್ರೀಸಿನ ವಾಸನೆ ಇನ್ನೂ ಇತ್ತು.  ಶೀಷೆ ಕೈಗೆ ತಗೊಂಡೆ.

"ಪದ್ಮಾ" ಎಂದೆ. "ಒತ್ತು."

ಮೇಲೆ ಉಸಿರು ಸಿಕ್ಕಿಕೊಂಡ ಸದ್ದಾಯಿತು. ಆಮೇಲೆ ಪೆಡಲಿನ ಸರಳು ಒಂದಿಷ್ಟು ಸರಿದು ನಿಂತಿತು.

"ಹೇಗಿದೆ?"

"ಗಟ್ಟಿಯಾಗಿದೆ" ಎಂದಳು. "ಯಾವತ್ತೋ ಗಟ್ಟಿಯಾಗಿತ್ತು."

"ಅವನಿಗೆ ಗೊತ್ತಿತ್ತು."

"ಏನು?"

"ಗಾಳಿ ಇದ್ರೆ ಈ ಶೀಷೆಯಲ್ಲಿ ಗುಳ್ಳೆ ಬರುತ್ತೆ. ಮೊದಲ ತಿಂಗಳು ಬಿಟ್ರೆ ನಾಲ್ಕು ವರ್ಷದಲ್ಲಿ ಅವನಿಗೆ ಒಂದು ಗುಳ್ಳೆಯೂ ಕಂಡಿರಲಿಲ್ಲ. ನೀನು ಮೆತ್ತಗಿದೆ ಅಂತೀಯ ಅಂತ್ಲೇ ವಾರ ವಾರ ಬಂದು ಇಲ್ಲಿ ಮಲಗ್ತಿದ್ದ. ನಿನಗೆ ಹೇಳಿದ್ರೆ ನೀನು ನಾಚ್ಕೊಂಡು ಬರೋದೇ ಬಿಟ್ಬಿಡ್ತೀಯ ಅಂತ ನನ್ನ ಬಾಯಿ ಕಟ್ಟಿದ್ದ."

ಎಲ್ಲಿ ತಲೆ ತಿರುಗಿ ಬಿದ್ದಳೋ ಎಂದು ಹೆದರಿದೆ. ಅಷ್ಟರಲ್ಲಿ ಅವಳು ಸ್ಟಿಯರಿಂಗಿಗೆ ಕೈಯಿಂದ ಒಂದು ಏಟು ಹೊಡೆದಳು.

"ಕಳ್ಳ" ಎಂದಳು. "ಕಳ್ಳ!" ಇನ್ನೊಂದು ಏಟು. ಆಮೇಲೆ ನಗು ಬಂತು, ನಾನು ಒಗೆಯುವ ಕಲ್ಲಿನ ಮುಂದೆ ಕೇಳುತ್ತಿದ್ದ ಅದೇ ನಗು. ಅದರ ಹಿಂದೆಯೇ, ಮೂರು ತಿಂಗಳಿಂದ ಬಾರದಿದ್ದ ಅಳು ಬಂತು. ನಾನು ಕೆಳಗೆ ಮಲಗಿಯೇ ಇದ್ದೆ. ನನ್ನ ಕಣ್ಣೀರು ಕಿವಿಯೊಳಕ್ಕೆ ಹರಿಯುತ್ತಿತ್ತು.

ಜಗುಲಿಯಿಂದ ಅಮ್ಮನ ದನಿ ಬಂತು.

"ವೇದಾ, ಏನೇ ಅದು? ಬ್ರೇಕು ಸರಿಹೋಯ್ತೇ? ಬೆಟ್ಟಯ್ಯನಿಗೆ ಹೇಳಿ ಕಳಿಸ್ಲಾ?"

ಮೇಲೆ ಅಳು ಥಟ್ಟನೆ ನಿಂತಿತು. ಅತ್ತಿಗೆ ಉಸಿರು ಹಿಡಿದು ಕೂತಿದ್ದಾಳೆಂದು ನನಗೆ ತಿಳಿಯಿತು. ನಾನು ಗೋಣಿಚೀಲದ ಮೇಲಿಂದಲೇ ಕೂಗಿ ಹೇಳಿದೆ:

"ಇಲ್ಲಮ್ಮ, ಇನ್ನೂ ಮೆತ್ತಗಿದೆ. ಮುಂದಿನ ಭಾನುವಾರ ನೋಡ್ಬೇಕು."